ಪರ್ಲ್ ಬಾರದವನ ಪರ್ಲ್ ಕೆಲಸ

ನನಗೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುವುದಿಲ್ಲ. ಆದರೂ ಆರು ವರ್ಷ ಅದರ ಹೆಸರಿನಲ್ಲಿ ಸಂಬಳ ತಿಂದೆ. ಇದರಲ್ಲಿ ಮಾಯೆಯೇನೂ ಇಲ್ಲ. ನಾನು ಬರೆಯುವುದು ಪೈಥಾನ್ ಎಂಬ ಇನ್ನೊಂದು ಭಾಷೆ. ಅದರೊಳಗಿಂದ, ಕಂಪ್ಯೂಟರಿಗೆ ಅಪ್ಪಣೆ ತಲುಪಿಸುವ ಶೆಲ್‌ಗೆ ಒಂದು ಸಾಲಿನ ಕಮಾಂಡ್ ಕೊಟ್ಟರೆ ಸಾಕು, ಯಾರೋ ಯಾವುದೋ ಭಾಷೆಯಲ್ಲಿ ಬರೆದಿಟ್ಟ ಪ್ರೋಗ್ರಾಮ್ ಓಡಿ ಕೆಲಸ ಮುಗಿಸಿ ಬರುತ್ತದೆ. ಒಳಗೆ ಏನು ನಡೆಯಿತೆಂದು ಕೇಳುವ ಗೋಜೇ ಇಲ್ಲ. ಕಮ್ಮನಹಳ್ಳಿಯಲ್ಲಿ ನಮಗೆ ಹೊಲವಿದ್ದ ಕಾಲದಲ್ಲಿ ನಮ್ಮಜ್ಜಿ ಶಿವಾಜಿನಗರಕ್ಕೆ ಹೋಗಿ ಸೊಪ್ಪು ಮಾರುತ್ತಿದ್ದಳು. ತಮಿಳು ಬಾರದು, ಉರ್ದು ಬಾರದು. ಗಿರಾಕಿ ಬಂದರೆ, ಪಕ್ಕದಲ್ಲಿ ನಿಂಬೆಹಣ್ಣು ಹರಡಿಕೊಂಡಿದ್ದ ಮುನಿಯಮ್ಮನ ಕಡೆ ತಿರುಗಿ "ಅದೇನು ಕೇಳೇ" ಅನ್ನುವಳು. ಚೌಕಾಸಿಯೆಲ್ಲ ಮುನಿಯಮ್ಮನದು. ಅಜ್ಜಿ ಮಾತ್ರ ಕೊನೆಯವರೆಗೂ ತಾನೇ ಜಾಣ ವ್ಯಾಪಾರಿ ಎಂದು ನಂಬಿದ್ದಳು. ನಾನೂ ಅದೇ ವಂಶದವನು.

ಸಿ.ವಿ. ರಾಮನ್ ನಗರದ ನಮ್ಮ ಪುಟ್ಟ ಕಂಪನಿಯಲ್ಲಿ ನನ್ನ ಪಾಲಿನ ಮುನಿಯಮ್ಮ ಎಂದರೆ ಹಲಸೂರಿನ ಆರೋಕ್ಯಸ್ವಾಮಿ. ಐವತ್ತಾರು ದಾಟಿದವರು, ನಮ್ಮಲ್ಲಿ ಪರ್ಲ್ ಬಲ್ಲ ಒಬ್ಬರೇ ಒಬ್ಬರು. ಒಂದು ಡಯಾಲಿಸಿಸ್ ಕೇಂದ್ರದ ವ್ಯಾನುಗಳು ಯಾವತ್ತು ಯಾವ ರೋಗಿಯನ್ನು ಕರೆತರಬೇಕೆಂಬ ಪಟ್ಟಿಯನ್ನು ಅವರ ಪ್ರೋಗ್ರಾಮ್ ತಯಾರಿಸುತ್ತಿತ್ತು. ದಿನವೂ ಅದನ್ನು ಓಡಿಸಿ, ಪಟ್ಟಿಯನ್ನು ಡ್ರೈವರುಗಳಿಗೆ ಕಳಿಸುವ ಶೆಲ್ ಫೈಲ್ ನನ್ನದು. ಅದರ ಕೊನೆಗೆ ನಾನೊಂದು ಸಾಲು ಅಂಟಿಸಿದ್ದೆ: "ಎಲ್ಲ ಸರಿಯಾಗಿದೆ" ಎಂದು ಮುದ್ರಿಸುವ ಸಾಲು. ಪರದೆಯ ಮೇಲೆ ಹಸಿರು ಗುರುತು ಕಾಣದೆ ನಮ್ಮ ಮ್ಯಾನೇಜರಿಗೆ ಕಾಫಿ ಇಳಿಯುತ್ತಿರಲಿಲ್ಲ. ಶೆಲ್‌ನ ಸ್ವಭಾವವೋ, ಕೊನೆಯ ಸಾಲು ಗೆದ್ದರೆ ಇಡೀ ಫೈಲ್ ಗೆದ್ದಂತೆ. ನಡುವೆ ಯಾವ ಸಾಲು ಕವುಚಿ ಬಿದ್ದರೂ ಅದು ಬಾಯಿ ಬಿಡುವುದಿಲ್ಲ.

ಒಂದು ದಿನ ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಸಾಗಿಸಿದೆ. ಅದರಲ್ಲಿ ಪರ್ಲ್ ಇದೆಯೇ ಎಂದು ನೋಡಲಿಲ್ಲ. ಮರುದಿನ ಬೆಳಿಗ್ಗೆ ಆರೋಕ್ಯಸ್ವಾಮಿಯವರ ಪ್ರೋಗ್ರಾಮ್ ಏಳಲೇ ಇಲ್ಲ. ನನ್ನ ಫೈಲ್ ಹಿಂದಿನ ದಿನದ ಪಟ್ಟಿಯನ್ನೇ ಕಳಿಸಿ "ಎಲ್ಲ ಸರಿಯಾಗಿದೆ" ಎಂದಿತು. ವ್ಯಾನುಗಳು ನಿನ್ನೆಯಷ್ಟೇ ಡಯಾಲಿಸಿಸ್ ಆದವರ ಬಾಗಿಲು ತಟ್ಟಿದವು. ಒಬ್ಬ ತಾತ, ಡಾಕ್ಟರೇ ಕರೆಸಿರಬೇಕೆಂದು ಸ್ವೆಟರ್ ಹಾಕಿಕೊಂಡು ಹತ್ತಿಯೂ ಬಿಟ್ಟರಂತೆ. ಇದನ್ನು ಹೇಳಿ ನಾವೆಲ್ಲ ನಕ್ಕೆವು. ಅವತ್ತು ಸರದಿಯಿದ್ದ ಮಹದೇವಪುರದ ಒಬ್ಬ ತಾಯಿ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಮಧ್ಯಾಹ್ನದವರೆಗೂ ಕಾದು ಕುಸಿದು ಬಿದ್ದಿದ್ದಾರೆಂದು ಫೋನ್ ಬಂದಾಗ ನಗು ನಿಂತಿತು. ಅವರು ನಾಲ್ಕು ದಿನ ಐಸಿಯುನಲ್ಲಿದ್ದು ಉಳಿದುಕೊಂಡರು.

ಅವತ್ತು ಮೂರು ಗಂಟೆಗೆ ನನಗೆ ನನ್ನ ತಪ್ಪು ಸಿಕ್ಕಿತು; ಸದ್ದಿಲ್ಲದೆ ಹೊಸ ಕಂಪ್ಯೂಟರಿಗೆ ಪರ್ಲ್ ಹಾಕಿದೆ. ನಾಲ್ಕಕ್ಕೆ ಮೀಟಿಂಗ್. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಪಟ್ಟಿ ಮಾಡೋ ಪ್ರೋಗ್ರಾಮ್ ಯಾರದ್ರೀ?"

"ಅದು ಪರ್ಲ್‌ನಲ್ಲಿದೆ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲರೂ ಆರೋಕ್ಯಸ್ವಾಮಿಯವರ ಕಡೆ ತಿರುಗಿದರು. ವಾರದೊಳಗೆ ಅವರು ಟಿಫಿನ್ ಬಾಕ್ಸ್ ಮತ್ತು ಕನ್ನಡಕದ ಡಬ್ಬಿ ತೆಗೆದುಕೊಂಡು ಹೋದರು. ನನಗೆ ಮೂರು ಮನೆಯ ಬಾಡಿಗೆ ಬರುತ್ತದೆ. ಕೆಲಸ ಹೋದರೂ ಅನ್ನಕ್ಕೇನೂ ತೊಂದರೆಯಿಲ್ಲ. ಅವರಿಗಿದ್ದದ್ದು ಸಂಬಳವೊಂದೇ. ಇದು ನನಗೆ ಆಗಲೂ ಗೊತ್ತಿತ್ತು. ನಾಚಿಕೆಯಾಗುತ್ತದೆ.

ಎರಡು ತಿಂಗಳ ನಂತರ ಪಟ್ಟಿ ಮತ್ತೆ ನಿಂತಿತು. ಕಂಪನಿಯಲ್ಲಿ ಪರ್ಲ್ ಬಲ್ಲವರು ಯಾರೂ ಇಲ್ಲ. ಮಾನ ಬಿಟ್ಟು ಅವರಿಗೇ ಫೋನ್ ಮಾಡಿದೆ. ಹಲಸೂರಿನಲ್ಲಿ ಭಾವಮೈದುನನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದರು. ಮಿಷಿನ್ ಸದ್ದಿನ ನಡುವೆಯೇ, ಎಲ್ಲಿ ಏನು ಬದಲಿಸಬೇಕೆಂದು ಸಾಲು ಸಾಲಾಗಿ ಬರೆಸಿದರು. ಪಟ್ಟಿ ಹೊರಬಂತು.

"ಇನ್ನೊಂದು, ಗುರು. ಕೊನೇಲಿ ಎಲ್ಲ ಸರಿಯಾಗಿದೆ ಅನ್ನೋ ಸಾಲು ಐತಲ್ಲ, ಅದನ್ನ ತೆಗೆದ್ಬಿಡು. ಅವತ್ತು ಕೈ ಕೊಟ್ಟಿದ್ದು ಅದೇ."

"ನಿಮಗೆ ಗೊತ್ತಿತ್ತಾ ಸಾರ್?"

"ಕೆಲಸ ಬಿಟ್ಟ್‌ಮೇಲೆ ಕೂತು ಯೋಚ್ನೆ ಮಾಡ್ದೆ, ಹೊಳೀತು. ಪರ್ವಾಗಿಲ್ಲಪ್ಪ. ನಿಂಗೆ ತಿಳೀದೆ ಆಗಿದ್ದು. ತಿಳಿದಿದ್ರೆ ನೀನೇ ಮೀಟಿಂಗಲ್ಲಿ ಹೇಳ್ಬಿಡ್ತಿದ್ದೆ, ನಂಗೊತ್ತಿಲ್ವಾ ನಿನ್ನ ಬುದ್ಧಿ?"

"ಹೌದು ಸಾರ್, ತಿಳಿದಿರ್ಲಿಲ್ಲ" ಎಂದೆ.

"ಊಟ ಆಯ್ತಾ?" ಎಂದು ಕೇಳಿದರು. "ಆಯ್ತು ಸಾರ್" ಎಂದೆ. ಅದೊಂದು ಮಾತ್ರ ನಿಜ.