ಮದುವೆ ವಿಡಿಯೋ ನುಂಗಲು ಹೊರಟ ಡಿಸ್ಕು

ಸರ್ವರ್ ರಿಪೇರಿಯವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಸ್ಕ್ರೂಡ್ರೈವರ್ ಹಿಡಿದು ಹೊರಟರೆ ಸಾಕು, ಅದೇ ಎದುರು ಬರುತ್ತದೆ. ಆ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ.

ಬ್ರಹ್ಮಾವರದಲ್ಲೂ ಕುಂದಾಪುರದಲ್ಲೂ ಫೋಟೋ ಸ್ಟುಡಿಯೋ ಇಟ್ಟಿದ್ದ ಯಜಮಾನರೊಬ್ಬರಿಗೆ ಫೋಟೋ, ವಿಡಿಯೋ ಇಡಲು ಎರಡೂ ಕಡೆ ಲಿನಕ್ಸ್ ಸರ್ವರ್ ಹಾಕಿಕೊಟ್ಟವನು ನಾನೇ. ಬ್ರಹ್ಮಾವರದ ಸರ್ವರ್ ತನ್ನ ಕಷ್ಟಸುಖ ಬರೆದಿಡುವ ಲಾಗ್ ತುಂಬ ಡಿಸ್ಕ್ ಎರರ್ ಬರತೊಡಗಿತು. ಅದರೊಳಗೆ ಅವರ ಅಕ್ಕನ ಮಗಳ ಮದುವೆ ವಿಡಿಯೋ ಇತ್ತು. ಬೇರೆ ಪ್ರತಿ ಇಲ್ಲ, ಕ್ಯಾಮೆರಾದ ಮೂಲ ಟೇಪಿನ ಮೇಲೆ ಆಗಲೇ ಬೇರೆ ಯಾರದ್ದೋ ಮದುವೆ ತೆಗೆದಾಗಿತ್ತು!

"ಹ್ವಾಯ್, ಈ ವಿಡಿಯೋ ಹೋಯ್ತಂದ್ರೆ ಅಕ್ಕ ನನ್ನ ಮನಿ ಒಳ್ಗ್ ಸೇರ್ಸುದಿಲ್ಲ ಮಾರ್ರೆ!" ಎಂದು ಫೋನಿನಲ್ಲೇ ಅಳುವಂತಾದರು.

೧. ಪೆಟ್ಟಿಗೆಯ ಮೇಲೊಂದು ಪಾತ್ರೆ

ಕೇಬಲ್ ಬದಲಾಯಿಸಿದೆ, ಫ್ಯಾನಿನ ಧೂಳು ತೆಗೆದೆ. ಆದರೂ ಬೆಳಗಾದರೆ ಲಾಗ್ ತುಂಬ ಎರರ್. ಒಂದು ದಿನ ಮೊದಲ ಬಸ್ಸಿಗೇ ಹೋಗಿ ಬಾಗಿಲು ತೆಗೆಸಿದರೆ, ಸರ್ವರಿನ ನೆತ್ತಿಯ ಮೇಲೆ ಮೈ ಒರೆಸುವ ಬೈರಾಸು ಸುತ್ತಿದ ದೊಡ್ಡ ಪಾತ್ರೆ! ಬಿಸಿಗಾಳಿ ಹೊರಬರುವ ತೂತುಗಳೆಲ್ಲ ಬಂದ್.

ಸ್ಟುಡಿಯೋ ಹಿಂದೆಯೇ ಮನೆ. ಯಜಮಾನರ ತಾಯಿ ಬಂದರು. "ಇಡ್ಲಿ ಹಿಟ್ಟ್ ಮಗಾ. ಮಳಿಗಾಲ ಅಲ್ದಾ, ಬೇರೆಲ್ಲೂ ಉಬ್ಬುದಿಲ್ಲ. ನಿನ್ನ್ ಪೆಟ್ಗಿ ಮೇಲಿಟ್ರೆ ಲಾಯ್ಕಂಗ್ ಉಬ್ಬತ್ತ್."

"ಅಮ್ಮಾ, ಒಳ್ಗ್ ಡಿಸ್ಕ್ ಬೆಂದ್ ಹೋತಾ ಇತ್ತ್!" ಎಂದು ರೇಗಿದೆ.

"ಆಯ್ತ್, ಸಿಟ್ಟ್ ಮಾಡ್ಬೇಡ. ಮೊದ್ಲ್ ಎರಡ್ ತಿನ್."

ತಿಂದೆ. ಹತ್ತಿಯಂಥ ಇಡ್ಲಿ! ತಿಂದ ಬಾಯಲ್ಲಿ ಮತ್ತೆ ಬೈಯುವುದು ಹೇಗೆ?

೨. ಮಾಳಿಗೆಯ ಗುರುಗಳು

ಬೆಂದ ಡಿಸ್ಕನ್ನು ನಂಬುವಂತಿರಲಿಲ್ಲ. ಕುಂದಾಪುರಕ್ಕೆ ತಂದು ಅಲ್ಲಿನ ಸರ್ವರಿಗೆ ಸಿಕ್ಕಿಸಿ ಹೊಸ ಡಿಸ್ಕಿಗೆ ಕಾಪಿ ಮಾಡಲು ಇಟ್ಟೆ. ಹಗಲೆಲ್ಲ ಚೆನ್ನಾಗಿ ನಡೆಯುತ್ತಿತ್ತು, ಸಂಜೆಯಾದದ್ದೇ ಎರರ್ ಬಂದು ಕಾಪಿ ನಿಲ್ಲುತ್ತಿತ್ತು. ದಿನಾ ಇದೇ ಗೋಳು. ಕೊನೆಗೆ ಹಠ ಹಿಡಿದು ಎದುರೇ ಕೂತೆ.

ಸಂಜೆ ತಲೆಯ ಮೇಲೆ ಚೆಂಡೆ ಶುರು! ಹಲಗೆ ಮಾಳಿಗೆಯಲ್ಲಿ ಯಕ್ಷಗಾನ ಕ್ಲಾಸು, ನಮ್ಮ ಸರ್ವರ್ ಇಟ್ಟ ಶೆಲ್ಫು ಅದೇ ಮಾಳಿಗೆಯ ತೊಲೆಯಿಂದ ನೇತಾಡುತ್ತಿತ್ತು. ಪೆಟ್ಟು ಬಿದ್ದ ಹಾಗೆ ಡಿಸ್ಕೂ ಅದುರುತ್ತಿತ್ತು. ಮೇಲೆ ಓಡಿ ಗುರುಗಳಿಗೆ ಹೇಳಿದೆ.

"ಯಾವ ತಾಳಕ್ಕೆ ತಪ್ಪತ್ತ್ ಅದ್?" ಎಂದರು ಅವರು, ಬಹಳ ಗಂಭೀರವಾಗಿ.

"ಎಲ್ಲಾ ತಾಳಕ್ಕೂ ತಪ್ಪತ್ತ್ ಗುರುಗಳೇ."

"ಹಾಂಗಾರೆ ಅಭ್ಯಾಸ ಸಾಲ. ನಾಳಿಂದ ಅದ್ನೂ ಕ್ಲಾಸಿಗ್ ಕರ್ಕಂಡ್ ಬನ್ನಿ."

೩. ಬೈಂದೂರಿನ ಅಕ್ಕ

ಸರ್ವರನ್ನು ನೆಲಕ್ಕಿಳಿಸಿದೆ, ಕಾಪಿ ಮುಗಿಯಿತು. ಒಂದೇ ಒಂದು ಎರರ್ ಇಲ್ಲ! ಯಜಮಾನರು ನನ್ನ ಎರಡೂ ಕೈ ಹಿಡಿದುಕೊಂಡು, "ಮರ್ಯಾದಿ ಉಳ್ಸಿದ್ರಿ" ಎಂದರು. ನನಗೂ ಕಣ್ಣು ತುಂಬಿತು, ಸುಳ್ಳಲ್ಲ.

ಬೈಂದೂರಿನ ಅಕ್ಕನ ಮನೆಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ನೆಂಟರೆಲ್ಲ ಟಿವಿ ಎದುರು ನೆರೆದಿದ್ದರು. ಅಕ್ಕ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡಿದ್ದರು. ವಿಡಿಯೋ ಒಂದು ಚೂರೂ ತಡವರಿಸದೆ ಓಡತೊಡಗಿತು.

ಆದರೆ ಮದುವೆಯ ದಿನ ಸೋದರಮಾವನೂ ಅವರೇ, ಸ್ಟುಡಿಯೋ ಯಜಮಾನರೂ ಅವರೇ ಅಲ್ಲವೇ? ಕ್ಯಾಮೆರಾದವನಿಗೆ 'ಹಾಂಗ್ ತೆಗಿ, ಹೀಂಗ್ ತೆಗಿ' ಎನ್ನುತ್ತ ದಿನವಿಡೀ ಅಡ್ಡಕ್ಕೇ ನಿಂತಿದ್ದರು. ಮಂಟಪದಲ್ಲಿ ಅವರ ಬೆನ್ನು, ಊಟದ ಪಂಕ್ತಿಯಲ್ಲಿ ಅವರ ಬೆನ್ನು. ಧಾರೆಯ ಹೊತ್ತಿಗಂತೂ ಟಿವಿ ತುಂಬ ಬೆನ್ನು! ಅಕ್ಕನ ಸೀರೆಯ ಸೆರಗೂ ಕಾಣಲಿಲ್ಲ.

ಅಕ್ಕ ನಿಧಾನಕ್ಕೆ ಎದ್ದು ನಿಂತರು. "ಮಗಳಿಗ್ ಧಾರಿ ಎರ್ದದ್ದ್ ನಾನಾ, ನಿನ್ ಬೆನ್ನಾ?"

ಯಜಮಾನರು ಮೆಲ್ಲಗೆ ಸರಿದು ನನ್ನ ಕಿವಿಗೆ ಬಾಯಿ ಇಟ್ಟರು.

"ಹ್ವಾಯ್, ಆ ಎರರ್ ಮತ್ತೆ ಬಪ್ಪ ಹಾಂಗ್ ಮಾಡುಕ್ ಆತ್ತಾ?"