ಖಾಕಿ ಮದುಮಗನ ರಜೆ

ಖಾಕಿ ಹಾಕಿದವನ ಬದುಕಿನಲ್ಲಿ ನಗುವಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ. ನಡೆಯುವಾಗ ಮಾತ್ರ ಅವನಿಗೆ ನಗು ಬರುವುದಿಲ್ಲ. ನನಗೂ ಹಾಗೇ ಆಯಿತು. ನಗು ಬರುವ ಹೊತ್ತಿಗೆ ಪಿಂಚಣಿ ಬಂತು.

ರಾಜ್ಯ ಏಕೀಕರಣವಾಗಿ ಎರಡು ಮೂರು ವರ್ಷ ಕಳೆದಿತ್ತು. ಮಧುಗಿರಿ ಕಡೆಯವನಾದ ನಾನು ಪಾವಗಡ ಸೀಮೆಯ ಒಂದು ಸಣ್ಣ ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದೆ. ಯಾವ ಠಾಣೆ ಎಂದು ಹೇಳುವುದಿಲ್ಲ, ಅಲ್ಲಿದ್ದವರ ಮೊಮ್ಮಕ್ಕಳು ಓದಿಯಾರು. ಕೊರಟಗೆರೆ ಹತ್ತಿರದ ಒಂದು ಹಳ್ಳಿಯ ಹುಡುಗಿಯನ್ನು ಮದುವೆಯಾಗಿದ್ದೆ. ಮದುವೆಗೆ ಸಿಕ್ಕಿದ್ದು ಹನ್ನೆರಡು ದಿನದ ರಜೆ. ಓಡಾಟಕ್ಕೆ, ಶಾಸ್ತ್ರಕ್ಕೆ ಮೂರು ದಿನ ಹೋಯಿತು. ಅವಳ ಜೊತೆ ಇದ್ದದ್ದು ಒಂಬತ್ತೇ ದಿನ. ಠಾಣೆಗೆ ಎರಡು ಕ್ವಾರ್ಟರ್ಸಿದ್ದವು. ಒಂದರಲ್ಲಿ ದಫೇದಾರರ ಸಂಸಾರವಿತ್ತು, ಇನ್ನೊಂದಕ್ಕೆ ಸೂರು ಇರಲಿಲ್ಲ. ನಾವು ನಾಲ್ಕು ಜನ ಕಾನ್‌ಸ್ಟೇಬಲ್‌ಗಳು ಠಾಣೆಯ ಹಿಂದಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಹೀಗಾಗಿ ಅವಳು ತವರಿನಲ್ಲೇ ಉಳಿದಳು.

ಈಗ ಅವಳಿಲ್ಲ. ನನಗೆ ವರ್ಷವೆಲ್ಲ ರಜೆ. ಒಬ್ಬನೇ ಕೂತಾಗ ಆ ರಜೆಯಿಲ್ಲದ ದಿನಗಳೇ ನೆನಪಾಗುತ್ತವೆ.

ಸಾಹೇಬರ ಸಹಿ

ಆರು ತಿಂಗಳು ಕಳೆದವು. ರಜೆ ಬೇಕಾದರೆ ತಾಯಿಗೆ ಕಾಯಿಲೆ ಅಂತ ಬರಿ ಎಂದು ಎಲ್ಲರೂ ಹೇಳಿಕೊಟ್ಟರು. ನನ್ನ ತಾಯಿ ಆಗ ದಿನಕ್ಕೆ ಎರಡು ಸೇರು ರಾಗಿ ಬೀಸುತ್ತಿದ್ದಳು. ಅವಳನ್ನು ಸುಮ್ಮನೆ ಮಲಗಿಸಲು ಮನಸ್ಸು ಬರಲಿಲ್ಲ. ಇದ್ದದ್ದನ್ನೇ ಬರೆದೆ: "ಮದುವೆಯಾಗಿ ಆರು ತಿಂಗಳಾಯಿತು. ಹೆಂಡತಿಯೊಡನೆ ಇದ್ದದ್ದು ಒಂಬತ್ತು ದಿನ. ಮುಖ ಮರೆತುಹೋಗುವ ಭಯವಿದೆ. ದಯವಿಟ್ಟು ಮೂರು ದಿನ ರಜೆ ಕೊಡಬೇಕು."

ಸಬ್‌ಇನ್‌ಸ್ಪೆಕ್ಟರ್ ಸಾಹೇಬರು ಗಟ್ಟಿ ಮನುಷ್ಯ. ಅರ್ಜಿಯನ್ನು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡು ಎದೆಯುಬ್ಬಿಸಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ನೀನೇ ಬರೆದೆಯೇನಯ್ಯಾ?"

"ಹೌದು ಸಾರ್."

"ನಮ್ಮ ಮನೆಯವರು ಹೆರಿಗೆಗೆ ಅಂತ ಮೈಸೂರಿಗೆ ಹೋಗಿ ಐದು ತಿಂಗಳಾಯ್ತು. ಮಗೂನ ನಾನಿನ್ನೂ ನೋಡಿಲ್ಲ. ಮೇಲಿನೋರಿಗೆ ಹೆಂಗೆ ಬರೀಬೇಕು ಅಂತ ಗೊತ್ತಾಗ್ತಿಲ್ಲ. ಕೂತ್ಕೊ, ನನಗೂ ಒಂದು ಬರೆದುಕೊಡು."

ನಾನು ಬರೆದೆ. ಹೆಂಡತಿಯ ಜಾಗಕ್ಕೆ ಮಗು ಸೇರಿಸಿ ಇನ್ನಷ್ಟು ಕರುಳು ಹಿಂಡುವ ಹಾಗೆ ಬರೆದೆ. ನಾಲ್ಕೇ ದಿನದಲ್ಲಿ ಅವರಿಗೆ ಎರಡು ತಿಂಗಳ ರಜೆ ಮಂಜೂರಾಯಿತು. ಅದೇ ಸಂತೋಷದಲ್ಲಿ ಅವರು ಸಿಕ್ಕಿದ ಬಸ್ಸು ಹತ್ತಿ ಹೊರಟೇಬಿಟ್ಟರು.

ನನ್ನ ಅರ್ಜಿ ಅವರ ಮೇಜಿನ ಮೇಲೇ ಇತ್ತು. ಅದಕ್ಕೆ ಸಹಿ ಹಾಕುವವರು ರಜೆಯ ಮೇಲಿದ್ದರು.

ಕುರಿ ಕಳ್ಳ

ನಮ್ಮ ಕೆಲಸಕ್ಕೆ ಇಂಥದ್ದೇ ಅಂತ ಇರಲಿಲ್ಲ. ಬೆಳಿಗ್ಗೆ ಬೂಟು, ಬಕಲ್ಲು ಉಜ್ಜಿ ಕಾಲಿಗೆ ಪಟ್ಟಿ ಸುತ್ತಿಕೊಂಡು ಹೊರಟರೆ, ವಾರಂಟು ಹಿಡಿದು ಹಳ್ಳಿ ಹಳ್ಳಿಗೆ ನಡೆಯಬೇಕು. ಸಂತೆಯಲ್ಲಿ ನಿಲ್ಲಬೇಕು. ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯಬೇಕು. ಬಾವಿಗೆ ಬಿದ್ದವರ ಹೆಣವನ್ನು ಡಾಕ್ಟರು ಬರುವ ತನಕ ಕಾಯಬೇಕು. ಇವುಗಳಲ್ಲಿ ನನಗೆ ಇಷ್ಟವಾದದ್ದು ಕೈದಿಯನ್ನು ಮಧುಗಿರಿಗೆ ಕರೆದೊಯ್ಯುವ ಕೆಲಸ. ಮಧುಗಿರಿಯಿಂದ ಮುಂದೆ ಹೋಗುವ ಬಸ್ಸು ಕೊರಟಗೆರೆಗೆ ಹೋಗುತ್ತದೆ. ಹತ್ತದಿದ್ದರೂ ಅದನ್ನು ನೋಡುವುದೇ ಒಂದು ಸಮಾಧಾನ.

ಒಂದು ಸಲ ಕುರಿ ಕದ್ದ ಒಬ್ಬ ಮುದುಕನನ್ನು ಕರೆದುಕೊಂಡು ಹೊರಟೆ. ಶಿಕ್ಷೆ ಆಗಿತ್ತು, ಜೈಲಿಗೆ ಒಪ್ಪಿಸಬೇಕಿತ್ತು. ಅವನ ಕೈಗೂ ನನ್ನ ಕೈಗೂ ಒಂದೇ ಬೇಡಿ. ಮಿಡಿಗೇಶಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇಬ್ಬರೂ ಇಳಿದು ಹುಣಸೆ ಮರದ ಕೆಳಗೆ ಕೂತೆವು. ನಾನು ಮಧುಗಿರಿ ಕಡೆಯ ದಾರಿಯನ್ನೇ ನೋಡುತ್ತಿದ್ದೆ.

"ಇಂಟಿಕಿ ಪೋಯಿ ಎನ್ನಾಳ್ಳಯಿಂದಿ ಸಾಮಿ?" ಅಂದ. ಮನೆಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳುವಷ್ಟು ತೆಲುಗು ಆ ಹೊತ್ತಿಗೆ ನನಗೂ ಅರ್ಥವಾಗುತ್ತಿತ್ತು.

"ಏಳು ತಿಂಗಳು," ಅಂದೆ.

ಅವನು ಲೊಚಗುಟ್ಟಿದ. ಬೇಡಿಯಿಲ್ಲದ ಕೈಯಿಂದ ಗಂಟು ಬಿಚ್ಚಿ ಹುರಿಗಡಲೆ ಕೊಟ್ಟ. ಸ್ವಲ್ಪ ಹೊತ್ತು ಇಬ್ಬರೂ ಅಗಿದೆವು. ಆಮೇಲೆ ಕನ್ನಡದಲ್ಲೇ ಮೆಲ್ಲಗೆ ಕೇಳಿದ:

"ನಂಗೆ ಮೂರು ತಿಂಗ್ಳು ಹಾಕವ್ರೆ ಸಾಮಿ, ಆಮೇಲೆ ಬುಡ್ತಾರಂತೆ. ನಿಮ್ಮನ್ನ ಯಾವಾಗ ಬುಡ್ತಾರೆ?"

ಬಳೆಯ ಅಳತೆ

ಮಂತ್ರಿಯೊಬ್ಬರು ಬರುತ್ತಾರೆಂದು ಸಿರಾಕ್ಕೆ ಬಂದೋಬಸ್ತಿಗೆ ಕಳಿಸಿದರು. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತೆವು. ಮಧ್ಯಾಹ್ನ ಒಂದು ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಅದೇ ಮಂತ್ರಿಗಳು ಎಂದು ಆಮೇಲೆ ಹೇಳಿದರು. ಸಂಜೆಯವರೆಗೆ ಬಿಡುವು ಸಿಕ್ಕಿತು. ಬಜಾರಿನಲ್ಲಿ ಒಬ್ಬ ಸಾಬರ ಬಳೆ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಹಸಿರು ಗಾಜಿನ ಬಳೆ, ಮೇಲೆ ಸಣ್ಣ ಚಿನ್ನದ ಬಣ್ಣದ ಚುಕ್ಕಿ.

ಸಾಬರಿಗೆ ಬಿಳಿ ಗಡ್ಡ, ನಿಧಾನ ಮಾತು. "ಬನ್ನಿ ಜಮಾದಾರ್ ಸಾಬ್. ನಾಪ್ ಕಿತ್ತಾ? ಅಳತೆ ಎಷ್ಟು?"

ನನಗೆ ಅಳತೆ ಗೊತ್ತಿರಲಿಲ್ಲ. ಒಂಬತ್ತು ದಿನದಲ್ಲಿ ಕೈ ಹಿಡಿದದ್ದು ನಿಜ, ಅಳೆದಿರಲಿಲ್ಲ.

"ಹಂಗಾದ್ರೆ ಹೆಂಗೆ ಹಿಡಿದಿದ್ರಿ, ಹಂಗೇ ಹಿಡೀರಿ. ನಾನು ನೋಡ್ತೀನಿ," ಅಂದರು.

ನಾನು ಕಣ್ಣು ಮುಚ್ಚಿಕೊಂಡೆ. ಬೆರಳುಗಳನ್ನು ಗಾಳಿಯಲ್ಲಿ ಸುತ್ತಿ ಹಿಡಿದೆ. ಸ್ವಲ್ಪ ದೊಡ್ಡದಾಯಿತು ಅನಿಸಿ ಬಿಗಿ ಮಾಡಿದೆ. ನೋವಾದೀತು ಅನಿಸಿ ಮತ್ತೆ ಸಡಿಲ ಮಾಡಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಕಣ್ಣು ಬಿಟ್ಟಾಗ ಸುತ್ತ ಹತ್ತು ಹದಿನೈದು ಜನ ಸೇರಿದ್ದರು. ಪೂರ್ತಿ ಯೂನಿಫಾರಮ್ಮಿನಲ್ಲಿರುವ ಪೊಲೀಸು ಗಾಳಿಯನ್ನು ಹಿಡಿದುಕೊಂಡು ನಿಂತಿರುವುದನ್ನು ಸಿರಾದವರು ಅದುವರೆಗೆ ನೋಡಿರಲಿಲ್ಲ.

ಸಾಬರು ಬೆರಳುಗಳ ಸಂದಿನಲ್ಲಿ ಬಳೆ ತೂರಿಸಿ ನೋಡಿ, ಎರಡು ಡಜನ್ ಕಟ್ಟಿದರು. ಅಳತೆ ಸರಿಯಾಗಿತ್ತು, ಅದು ಆಮೇಲೆ ಗೊತ್ತಾಯಿತು. ಕಟ್ಟುತ್ತಲೇ ಸುತ್ತಲಿನವರಿಗೆ ಹೇಳಿದರು:

"ಯಾಕ್ರೋ ನಗ್ತೀರಿ? ಯಾರೋ ಕೈ ತಪ್ಪಿಸ್ಕೊಂಡವ್ರೆ. ಪೊಲೀಸ್ನೋರು ಹುಡುಕ್ತಾವ್ರೆ, ಅಷ್ಟೇ."

ಹೆಸರಿಲ್ಲದ ಆಸಾಮಿ

ಇದು ಕೊನೆಯದು. ಇದನ್ನು ನನಗಿಂತ ಚೆನ್ನಾಗಿ ಅವಳೇ ಹೇಳುತ್ತಿದ್ದಳು.

ನನ್ನ ಹೆಂಡತಿ ಮೂರನೇ ಕ್ಲಾಸು ಓದಿದ್ದಳು, ಬರೆಯಲು ಬರುತ್ತಿತ್ತು. ಆದರೆ ಗಂಡನ ಹೆಸರನ್ನು ಹೇಳಬಾರದು, ಬರೆಯಲೂ ಬಾರದು ಎಂಬುದು ಅವಳ ತಾಯಿಯ ಕಟ್ಟಪ್ಪಣೆ. ನಾನು ಹೋಗದೆ ಎಂಟು ತಿಂಗಳಾದಾಗ ಒಂದು ಕಾರ್ಡು ಹಾಕಿದಳು. ವಿಳಾಸ: "ಪೊಲೀಸಿನವರಿಗೆ, ಪೊಲೀಸ್ ಠಾಣೆ," ಕೆಳಗೆ ಊರು. ಇನ್ನೊಂದು ಮಗ್ಗುಲಲ್ಲಿ ಹೀಗಿತ್ತು: "ಒಂಬತ್ತು ದಿನ ಇದ್ದು ಹೋದವರು ತಿರುಗಿ ಬರಲಿಲ್ಲ. ಇಲ್ಲಿ ನನ್ನನ್ನು ಕೇಳುವವರಿಲ್ಲ. ಬೇಗ ಬಂದು ವಿಚಾರಿಸಬೇಕು." ಕೆಳಗೆ ಅವಳ ಹೆಸರು, ಹಳ್ಳಿ.

ಕಾರ್ಡು ಬಂದ ದಿನ ನಾನು ವಾರಂಟು ಹಿಡಿದು ನಾಗಲಮಡಿಕೆ ಕಡೆ ಹೋಗಿದ್ದೆ. ಠಾಣೆಯಲ್ಲಿದ್ದ ರೈಟರ್ ಅದನ್ನು ದೂರು ಎಂದೇ ತಿಳಿದರು. ಯಾವನೋ ಹೆಣ್ಣುಮಗಳಿಗೆ ಮೋಸ ಮಾಡಿ ಓಡಿಹೋಗಿದ್ದಾನೆ ಎಂದು ಅವರಿಗೆ ಮರುಕವೂ ಆಯಿತು. ಠಾಣೆಯ ಮೊಹರು ಹಾಕಿ, ನಂಬರು ಕೊಟ್ಟು, ಆ ಹಳ್ಳಿ ನಮ್ಮ ಸರಹದ್ದಲ್ಲ ಎಂದು ಅಲ್ಲಿನ ಠಾಣೆಗೆ ರವಾನಿಸಿದರು.

ಅಲ್ಲಿಂದ ಒಬ್ಬ ದಫೇದಾರರು ಸೈಕಲ್ಲಿನಲ್ಲಿ ನಮ್ಮ ಮಾವನ ಮನೆಗೆ ಬಂದರು. ಪೊಲೀಸು ಬಂತೆಂದು ಊರೇ ಸೇರಿತು. ನಮ್ಮತ್ತೆ ಒಲೆಯ ಮುಂದಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

"ಏನಮ್ಮಾ ನಿನ್ ದೂರು?" ಎಂದು ದಫೇದಾರರು ನನ್ನ ಹೆಂಡತಿಯನ್ನು ಕೇಳಿದರು.

"ನಾನ್ಯಾವ ದೂರೂ ಕೊಟ್ಟಿಲ್ಲ ಕಣಣ್ಣಾ," ಅಂದಳು.

ಕಾರ್ಡು ತೋರಿಸಿದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ದಫೇದಾರರು ದನಿ ತಗ್ಗಿಸಿದರು.

"ಹೆದರ್ಬ್ಯಾಡ. ಯಾರವನು ಒಂಬತ್ತು ದಿನ ಇದ್ದು ಹೋದೋನು?"

"ನಮ್ಮನೆಯೋರು."

"ಹೆಸ್ರು?"

ಹೇಳಲಿಲ್ಲ. ಆರೋಪಿಯ ಹೆಸರು ಹೇಳಲು ದೂರುದಾರಳು ಒಪ್ಪುವುದಿಲ್ಲ ಎಂದು ಅವರು ಬರೆದುಕೊಂಡರು.

"ಹೋಗ್ಲಿ, ಏನ್ ಕೆಲ್ಸ ಮಾಡ್ತಾನೆ?"

"ನೀವು ಮಾಡೋದೇ."

"ಈಗ ಎಲ್ಲವ್ನೆ?"

"ಆ ಕಾರ್ಡು ಎಲ್ಲಿಂದ ಬಂತೋ ಅಲ್ಲೇ."

ದಫೇದಾರರು ಪೆನ್ಸಿಲು ಕೆಳಗಿಟ್ಟರು. ಆಮೇಲೆ ಕೆಮ್ಮು ಬರುವವರೆಗೆ ನಕ್ಕರಂತೆ. ನಮ್ಮತ್ತೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಉಂಡು ಎಲೆಯಡಿಕೆ ಹಾಕಿಕೊಂಡು ಅಲ್ಲೇ ಜಗಲಿಯ ಮೇಲೆ ಕೂತು ವರದಿ ಬರೆದರು: "ಸ್ಥಳಕ್ಕೆ ಹೋಗಿ ವಿಚಾರಿಸಲಾಗಿ ದೂರು ನಿಜವೆಂದು ಕಂಡುಬಂತು. ಆರೋಪಿ ತಮ್ಮ ಠಾಣೆಯಲ್ಲೇ ಸರ್ಕಾರಿ ಅನ್ನ ತಿನ್ನುತ್ತಿದ್ದಾನೆ. ಕೂಡಲೇ ಹಿಡಿದು ಕಳಿಸಿಕೊಡಬೇಕು."

ಆ ಹೊತ್ತಿಗೆ ನಮ್ಮ ಸಾಹೇಬರು ಮೈಸೂರಿನಿಂದ ವಾಪಸ್ಸಾಗಿದ್ದರು. ಬೆಳಗಿನ ಹಾಜರಿಯಲ್ಲಿ ಎಲ್ಲರ ಮುಂದೆ ವರದಿ ಓದಿದರು. ಹಳ್ಳಿಯ ಹೆಸರು ಕಿವಿಗೆ ಬಿದ್ದದ್ದೇ ಒಂದು ಹೆಜ್ಜೆ ಮುಂದೆ ಬಂದು ನಿಂತೆ.

"ತಪ್ಪು ಒಪ್ಕೋತೀಯಾ?"

"ಒಪ್ಕೊಂಡೆ ಸಾರ್."

"ಹದಿನೈದು ದಿನ. ಈಗ್ಲೇ ಹೊರಡು. ಆದ್ರೆ ಆಸಾಮೀನ ಒಪ್ಪಿಸಿದ್ದಕ್ಕೆ ರಸೀದಿ ತರಬೇಕು, ಅದು ನಿಯಮ."

ಕೊರಟಗೆರೆಯಲ್ಲಿ ಬಸ್ಸಿಳಿದು ನಾಲ್ಕು ಮೈಲಿ ಓಡುನಡಿಗೆಯಲ್ಲೇ ಹೋದೆ. ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಹಾಗೇ ಹಿಡಿದುಕೊಂಡು ನೋಡಿದಳು. ಸಿರಾದಲ್ಲಿ ಕೊಂಡ ಬಳೆಯ ಕಟ್ಟನ್ನು ಆ ಮೊರದೊಳಗೇ ಇಟ್ಟೆ. ಆ ಹದಿನೈದು ದಿನ ಹೇಗೆ ಮುಗಿದವೋ ತಿಳಿಯದು.

ಹೊರಡುವ ದಿನ ರಸೀದಿಯ ವಿಷಯ ಹೇಳಿದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಬರೆದು, ಮಡಿಸಿ ಕೊಟ್ಟಳು. ಠಾಣೆಗೆ ಹೋಗಿ ನೇರವಾಗಿ ಸಾಹೇಬರ ಕೈಗೇ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು:

"ಆಸಾಮಿ ಒಂದು ತಲುಪಿದೆ. ಬರುವಾಗ ತೀರಾ ಸೊರಗಿತ್ತು. ಉಣ್ಣಿಸಿ ಸರಿ ಮಾಡಿದ್ದೇನೆ. ಹದಿನೈದು ದಿನದ ಮಟ್ಟಿಗೆ ಕೈಗಡ ಕೊಟ್ಟಿದ್ದೇನೆ, ನೀವು ಇಟ್ಟುಕೊಂಡರೆ ಇನ್ನೊಂದು ಕಾರ್ಡು ಹಾಕುತ್ತೇನೆ."