ಬಾಗಿಲಿದ್ದ ಏಡಿಬುಟ್ಟಿ

ಆ ಭಾನುವಾರ ವಿಶೇಷವೇನೂ ಇರಲಿಲ್ಲ. ಎಂದಿನಂತೆ ನಾನೂ ನನ್ನ ಹೆಂಡತಿ ನಾಗಮ್ಮನೂ ಹುಣಸಗಿಯ ಹೊರಗಿನ ಕಾಲುವೆಗೆ ಏಡಿ ಹಿಡಿಯಲು ಹೋಗಿದ್ದೆವು. ಹೊಳೆದಂಡೆಯ ಊರಿನ ಮಗಳಾದ ಆಕೆ ಏಡಿ ಹಿಡಿಯುತ್ತಿದ್ದಳು. ಬೀಜದಂಗಡಿಯ ಗುಮಾಸ್ತನಾದ ನಾನು ಚೀಲ ಹಿಡಿಯುತ್ತಿದ್ದೆ. ಕೆಲಸ ಸರಿಸಮನಾಗಿ ಹಂಚಿಕೆಯಾಗಿತ್ತು!

ಅಂದು ಯಾರೋ ಬಿಟ್ಟುಹೋದ ನೈಲಾನ್ ಬಲೆಗೆ ಆಮೆಯೊಂದು ಸಿಕ್ಕಿಕೊಂಡಿತ್ತು. ನಾಗಮ್ಮ ಏಡಿಯ ಆಸೆ ಬಿಟ್ಟು, ಅದರ ಕುತ್ತಿಗೆಯ ದಾರ ಬಿಡಿಸುತ್ತ ಕೂತಳು.

“ನೈಲಾನ್ ನೀರಾಗ ಕೊಳ್ಯಂಗಿಲ್ಲರಿ. ಹಾಕಿದಾಂವ ಸತ್ತರೂ ಅದು ಹಿಡಕೊಂಡ ಇರ್ತದ. ಮುಂದಿನ ವಾರ ನಾವ ಒಂದು ಬುಟ್ಟಿ ಮಾಡೂಣು. ಆಮಿ ಹೊಗಲಾರದಂಥ ಚಪ್ಪಟಿ ಬಾಯಿ. ಮ್ಯಾಲ ಒಂದು ಬಾಗಲ, ಅದನ್ನ ಕಟ್ಟಾಕ ಹತ್ತಿ ದಾರ, ದಂಡಿಗಿ ಕಟ್ಟಾಕ ನೈಲಾನ್. ಬುಟ್ಟಿ ಕಳದ್ರೂ ಹತ್ತಿ ಕೊಳತು ಬಾಗಲ ತೆರೀತದ. ಒಳಗಿದ್ದದ್ದು ಬದಕತದ.”

“ಸಣ್ಣ ಏಡಿ ಬಿದ್ರ?”

ಕೈಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಬಳೆ ತಿರುಗಿಸಿ ತೋರಿಸಿದಳು. “ಬುಟ್ಟಿಗೊಂದು ಕಿಂಡಿ ಕೊರದು ಇದನ್ನ ಹಚ್ಚೂಣು. ಇದರಾಗ ಹಾದು ಹೋಗೂದೆಲ್ಲಾ ಕೂಸು. ಹೋಗ್ಲಿ ಬಿಡ್ರಿ.”

“ಎಲ್ಲಾ ತಿಳೀತು.”

“ನಿಮಗ ತಿಳೀತಂದ್ರ ನನಗ ಅಂಜಿಕಿ ಬರ್ತದ.”

ಬುಧವಾರ ಎದೆನೋವು ಎಂದಳು. ಸುರಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಕಾಲುವೆ ಒಣಗಿ, ಮತ್ತೆ ನೀರು ಬಂತು. ಒಂದು ದಿನ ನನಗೆ ಅನಿಸಿತು: ಆಕೆ ಹೇಳಿದ ಬುಟ್ಟಿ ಮಾಡಬೇಕು. ಅದರಲ್ಲಿ ಕಷ್ಟವೇನಿದೆ? ಕೆಂಭಾವಿ ಸಂತೆಯಲ್ಲಿ ಬಿದಿರಿನ ಬುಟ್ಟಿ ತಂದೆ. ಮೇಲೆ ಬಾಗಿಲು ಕೂರಿಸಿ, ಚಪ್ಪಟೆ ಬಾಯಿ ಕೊಯ್ದೆ. ಬೆರಳನ್ನೂ ಕೊಯ್ದುಕೊಂಡೆ. ಕಿಂಡಿಗೆ ಆಕೆಯ ಕೆಂಪು ಬಳೆ ಹೊಲಿದೆ. ಉಳಿದದ್ದು ಎರಡು ದಾರ ಮಾತ್ರ. ಬಾಗಿಲಿಗೆ ಯಾವುದು, ದಂಡೆಗೆ ಯಾವುದು? ಕೇಳೋಣವೆಂದು ಅಡುಗೆಮನೆಯ ಕಡೆ ತಿರುಗಿದೆ.

ಆಮೇಲೆ ನಾನೇ ತೀರ್ಮಾನ ಕೈಗೊಂಡೆ. ಬಾಗಿಲೆಂದರೆ ಭದ್ರವಿರಬೇಕು. ಹಾಕಿದೆ ನೈಲಾನ್, ಗಂಟಿನ ಮೇಲೆ ಗಂಟು! ಹತ್ತಿ ದಾರದಿಂದ ಬುಟ್ಟಿಯನ್ನು ಕಾಲುವೆ ದಂಡೆಯ ಗೂಟಕ್ಕೆ ಕಟ್ಟಿ, ಒಳಗೆ ಮೀನಿನ ತಲೆ ಇಟ್ಟು, ಸಂಜೆ ನೀರಿಗೆ ಬಿಟ್ಟೆ.

ಬೆಳಿಗ್ಗೆ ಹೋದರೆ ಗೂಟ ಇತ್ತು. ಗೇಣುದ್ದ ಹತ್ತಿ ದಾರವೂ ಇತ್ತು. ಬುಟ್ಟಿ ಇರಲಿಲ್ಲ!

ಆಗ ನೆನಪಾಯಿತು, ಆಕೆ ಹೇಳಿದ್ದು ಇದರ ಉಲ್ಟಾ ಎಂದು. ಆಕೆಯ ಹೆಸರಿನಲ್ಲಿ, ಆಕೆಯ ಬಳೆ ಹಚ್ಚಿ, ಎಂದೂ ಬಾಗಿಲು ತೆರೆಯದ ಸೆರೆಮನೆಯೊಂದನ್ನು ನಾನು ಕಾಲುವೆಗೆ ಬಿಟ್ಟಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಗುಂಟ ಓಡಿದೆ.

ಮುಂದೆ ಸಣ್ಣ ಸೇತುವೆಯ ಹತ್ತಿರ ನೆರೆಮನೆಯ ಮಲ್ಲಮ್ಮ ಬಟ್ಟೆ ಒಗೆಯುತ್ತಿದ್ದಳು.

“ಅಣ್ಣಾರ! ಯಾರರೆ ನೀರಾಗ ಬಿದ್ದಾರೇನ್ರಿ?”

“ಬುಟ್ಟಿ! ಬುಟ್ಟಿ ಹೋಗ್ಯಾದ!”

“ಬುಟ್ಟಿಗ್ಯಾಕ್ರಿ ಇಷ್ಟು ಓಡಾಕತ್ತೀರಿ?”

“ಅದರ ಬಾಗಲ ತೆರ್ಯಂಗಿಲ್ಲವ್ವಾ!”

“ಬುಟ್ಟಿಗಿ ಬಾಗಲ?” ಆಕೆ ಒದ್ದೆ ಸೀರೆ ಕೆಳಗಿಟ್ಟಳು. ದನಿ ಮೆತ್ತಗಾಯಿತು. “ಅಣ್ಣಾರ, ಬರ್ರಿ. ನೆರಳಾಗ ಕುಂದರ್ರಿ. ಮುಂಜಾನೆ ಏನರೆ ತಿಂದೀರಿಲ್ಲೋ?”

ಅಷ್ಟರಲ್ಲಿ ಸೇತುವೆಯ ಕೆಳಗಿನ ಜೊಂಡುಹುಲ್ಲಿನಲ್ಲಿ ಕೆಂಪು ಬಳೆ ಕಂಡಿತು. ಧೋತರ ಸಮೇತ ನೀರಿಗಿಳಿದು ಬುಟ್ಟಿ ಎತ್ತಿದೆ. ಒಳಗಿನ ಏಡಿಗಳು ಒಂದೊಂದಾಗಿ, ಅಡ್ಡಡ್ಡ ನಡೆಯುತ್ತ, ಬಳೆಯೊಳಗಿಂದ ದಾಟಿ ಹೊರಟವು. ಆ ಲೆಕ್ಕದಲ್ಲಿ ನಮ್ಮ ಕಾಲುವೆಯಲ್ಲಿ ಇರುವುದೆಲ್ಲ ಬರೀ ಕೂಸುಗಳೇ! ದಾಟಲಾಗದೆ ಉಳಿದದ್ದು ಒಂದೇ ಒಂದು ದೊಡ್ಡ ಏಡಿ. ಬಾಗಿಲಿನ ಗಂಟುಗಳನ್ನು ನನಗೇ ಬಿಚ್ಚಲಾಗಲಿಲ್ಲ. ಅದನ್ನು ಹಿಡಿಯೋಣವೆಂದು ಬಳೆಯೊಳಗೆ ಕೈ ತುರುಕಿದೆ.

ನಾನು ಅದನ್ನು ಹಿಡಿಯಲಿಲ್ಲ. ಅದು ನನ್ನನ್ನು ಹಿಡಿಯಿತು!

“ಯವ್ವಾ!” ಎಂದು ಎಳೆದರೆ ಕೈ ಹೊರಬರಲಿಲ್ಲ. ದಂಡೆಗೆ ಬಂದು ನಿಂತೆ: ಕೈಯಲ್ಲಿ ಹೆಂಡತಿಯ ಬಳೆ, ಬಳೆಗೆ ಬುಟ್ಟಿ, ಬುಟ್ಟಿಯೊಳಗೆ ಏಡಿ, ಏಡಿಯ ಕೊಂಡಿಯಲ್ಲಿ ನನ್ನ ಬೆರಳು. ಮಲ್ಲಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ನಗುತ್ತಲೇ ನನ್ನ ಮುಂಗೈಗೆ ಬಟ್ಟೆ ಸಾಬೂನು ಸವರಿ, ಬಳೆಗಾರ್ತಿಯ ಹಾಗೆ ಹೆಬ್ಬೆರಳು ಮಡಚಿ, ಮೆಲ್ಲಗೆ ಎಳೆದಳು. ನೊರೆ ತಾಗಿ ಏಡಿಗೂ ಬೇಸರವಾಯಿತೇನೋ, ಬೆರಳು ಬಿಟ್ಟಿತು.

“ನಾಗಕ್ಕನ ಕೈಯಾಗಿನ ಬಳಿ ಅಲ್ಲೇನ್ರಿ ಇದು?” ಎಂದಳು. ಆಮೇಲೆ ಆಕೆ ನಗಲಿಲ್ಲ.

ಗಂಟುಗಳನ್ನು ಮಲ್ಲಮ್ಮನೇ ಹಲ್ಲಿನಿಂದ ಬಿಚ್ಚಿದಳು. ನಾಗಮ್ಮನ ಕಾನೂನಿನ ಪ್ರಕಾರ ಆ ದೊಡ್ಡ ಏಡಿ ಸಾರಿಗೆ ಅರ್ಹವಾಗಿತ್ತು. ನಾನು ಅದನ್ನೂ ಬಿಟ್ಟೆ.

ಈಗ ಬುಟ್ಟಿ ಸರಿಮಾಡಿದ್ದೇನೆ. ಬಾಗಿಲಿಗೆ ಹತ್ತಿ, ದಂಡೆಗೆ ನೈಲಾನ್. ಆಮೆ ಒಳಗೆ ಬರುವುದಿಲ್ಲ, ಕೂಸುಗಳು ಹೊರಗೆ ಹೋಗುತ್ತವೆ, ಕಳೆದುಹೋದರೂ ಯಾರೂ ಸಾಯುವುದಿಲ್ಲ. ಬುಟ್ಟಿಯಲ್ಲಿ ಯಾವ ಕೊರತೆಯೂ ಇಲ್ಲ. ಏಡಿ ಸಾರು ಮಾಡಲು ನನಗೆ ಬರುವುದಿಲ್ಲ. ನಾಗಮ್ಮ ಇಲ್ಲ.